ಗೋಡೆಯ ಕಡೆಗಿದ್ದ ಪರದೆ

ಕೊಪ್ಪದಲ್ಲಿ ಬೆನ್ನ ಹಿಂದೆ ನನಗೊಂದು ಹೆಸರಿದೆ, ಕಲ್ಲು ಡಾಕ್ಟ್ರು ಅಂತ. ಮೊದಲ ಸಲ ಕಿವಿಗೆ ಬಿದ್ದಾಗ, ಕಿಡ್ನಿಯ ಕಲ್ಲು ಚೆನ್ನಾಗಿ ಹುಡುಕುತ್ತೇನೆ ಎಂದು ಇಟ್ಟಿರಬೇಕು ಅಂದುಕೊಂಡು ಒಳಗೊಳಗೇ ಬೀಗಿದ್ದೆ. ಆಮೇಲೆ ಗೊತ್ತಾಯಿತು, ಅದು ನನ್ನ ಮುಖಕ್ಕೆ ಇಟ್ಟ ಹೆಸರು. ಮನೆಯಲ್ಲಿ ಗಂಡನದೂ ಅದೇ ದೂರು. “ನಿನ್ನ ಮುಖ ನೋಡಿ ಸಾರಿಗೆ ಉಪ್ಪು ಜಾಸ್ತಿಯಾಗಿದೆಯೋ ಕಮ್ಮಿಯಾಗಿದೆಯೋ ಹೇಳೋಕಾಗಲ್ಲ ಮಾರಾಯ್ತಿ” ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅಡುಗೆ ಅವರದು, ಆದ್ದರಿಂದ ಅವರ ಸಂಕಟ ನನಗೆ ಅರ್ಥವಾಗುತ್ತದೆ.

ಈ ಮುಖ ಹುಟ್ಟಿನಿಂದ ಬಂದದ್ದಲ್ಲ, ಕೆಲಸ ಕೊಟ್ಟದ್ದು. ಬಸುರಿಯರ ಸ್ಕ್ಯಾನ್ ಮಾಡುವ ಕೋಣೆಯ ಹೊರಗೆ ಒಂದು ಬೋರ್ಡು ಇರಲೇಬೇಕು: ಹುಟ್ಟುವ ಮೊದಲು ಮಗು ಗಂಡೋ ಹೆಣ್ಣೋ ಇಲ್ಲಿ ಹೇಳುವುದಿಲ್ಲ, ಹೇಳುವುದು ಅಪರಾಧ. ಬೋರ್ಡನ್ನು ಎಲ್ಲರೂ ಓದುತ್ತಾರೆ. ಓದಿ, ಬಾಯಲ್ಲಿ ಹೇಳದಿದ್ದರೇನು, ಮುಖದಲ್ಲಿ ಹೇಳುತ್ತಾರೆ ಎಂದು ತೀರ್ಮಾನಿಸಿಕೊಂಡೇ ಒಳಗೆ ಬರುತ್ತಾರೆ. ಇಲ್ಲಿಗೆ ಬಂದ ಹೊಸತರಲ್ಲಿ ನಾನು ಸ್ವಲ್ಪ ನಗುತ್ತಿದ್ದೆ. ಡಾಕ್ಟ್ರು ನಕ್ಕರೆ ಗಂಡು ಎಂದು ಬಸರೀಕಟ್ಟೆಯ ಎಸ್ಟೇಟ್ ಕೂಲಿ ಲೈನುಗಳವರೆಗೂ ಸುದ್ದಿ ಹೋಯಿತು. ನಗುವುದು ಬಿಟ್ಟೆ. ಸುಮ್ಮನಿದ್ದರೆ ಹೆಣ್ಣು ಎಂದಾಯಿತು. ಸರಿ, ಮಾತಾಡಿಸೋಣ ಎಂದು ಊರು ಯಾವುದು, ಕೊಯ್ಲು ಮುಗಿಯಿತಾ ಎಂದು ಕೇಳತೊಡಗಿದೆ. ಊರು ಕೇಳಿದರೆ ಗಂಡಂತೆ, ಕೊಯ್ಲು ಕೇಳಿದರೆ ಹೆಣ್ಣಂತೆ ಎಂದು ಬೇಗಾರಿನ ಅಜ್ಜಿಯೊಬ್ಬಳು ಬಾಗಿಲಲ್ಲೇ ಇನ್ನೊಬ್ಬಳಿಗೆ ಪಾಠ ಹೇಳುತ್ತಿದ್ದುದನ್ನು ಕಿವಿಯಾರೆ ಕೇಳಿದೆ. ಅವತ್ತಿನಿಂದ ಎಲ್ಲರಿಗೂ ಒಂದೇ ಮುಖ, ಒಂದೇ ಮಾತು. ಮಲಗಿ. ಉಸಿರು ಬಿಡಿ. ಎಡಕ್ಕೆ ತಿರುಗಿ. ಯಂತ್ರದ ಪರದೆಯನ್ನೂ ಗೋಡೆಯ ಕಡೆಗೆ ತಿರುಗಿಸಿಟ್ಟೆ. ನನಗೊಬ್ಬಳಿಗೆ ಕಾಣುತ್ತದೆ.

ಕೆಲವು ವರ್ಷ ಅದು ಬೆಳಿಗ್ಗೆ ಹಾಕಿಕೊಂಡು ಸಂಜೆ ತೆಗೆದಿಡುವ ಮುಖವಾಗಿತ್ತು. ಯಾವಾಗ ಅಂಟಿಕೊಂಡಿತೋ ಗೊತ್ತಾಗಲಿಲ್ಲ. ಅಮ್ಮ ತೀರಿಕೊಂಡ ದಿನ, ಬಂದವರಿಗೆಲ್ಲ ಕಾಫಿ ಆಯಿತಾ ಎಂದು ವಿಚಾರಿಸುತ್ತ ಓಡಾಡಿಕೊಂಡಿದ್ದೆ. ಅತ್ತ ನೆನಪಿಲ್ಲ. ಇದನ್ನು ಹೆಮ್ಮೆಯಿಂದಲೂ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ.

ಯಂತ್ರ ಇಟ್ಟರೆ ಮಗುವಿನ ಫೋಟೋ ಬರುತ್ತದೆ, ತೊಂದರೆಯಿದ್ದರೆ ಎದ್ದು ಕಾಣುತ್ತದೆ ಎಂದು ಜನ ತಿಳಿದಿದ್ದಾರೆ. ಕಾಣುವುದು ಕಪ್ಪು, ಬಿಳಿ, ಬೂದಿ. ನೀರು ಕಪ್ಪು, ಮೂಳೆ ಬಿಳಿ, ಉಳಿದದ್ದೆಲ್ಲ ಬೂದಿಯಲ್ಲೇ ಬಗೆಬಗೆ. ಅದರಲ್ಲಿ ಒಂದರಂತೆ ಇನ್ನೊಂದು ಕಾಣುವ ತೊಂದರೆಗಳಿವೆ. ಒಂದರ ಹಣೆಬರಹ ಇನ್ನೊಂದಕ್ಕಿಲ್ಲ. ಕರುಳು ಹೊಟ್ಟೆಯ ಹೊರಗೆ ಬಂದಿರುವ ಮಗುವನ್ನೇ ತೆಗೆದುಕೊಳ್ಳಿ. ಕರುಳಿನ ಮೇಲೆ ತೆಳ್ಳಗೆ ಒಂದು ಪೊರೆ ಇದ್ದರೆ, ಬಟ್ಟೆಯಲ್ಲಿ ಗಂಟು ಕಟ್ಟಿಟ್ಟಂತೆ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಅಂಥ ಮಗುವಿಗೆ ಹೃದಯದಲ್ಲೋ ಇನ್ನೆಲ್ಲೋ ಮತ್ತೊಂದು ತೊಂದರೆ ಜೊತೆಗಿರುವುದು ಹೆಚ್ಚು. ಪೊರೆಯಿಲ್ಲದೆ ಕರುಳು ಬರಿದೇ ನೀರಲ್ಲಿ ತೇಲುತ್ತಿದ್ದರೆ ನೋಡಿದವರ ಎದೆ ಝಲ್ಲೆನ್ನುತ್ತದೆ. ಹುಟ್ಟಿದ ಮೇಲೆ ಸರ್ಜನ್ ಅದನ್ನು ಒಳಗೆ ಸೇರಿಸಿ ಹೊಲಿದರೆ, ಆ ಮಗು ಬಹುಪಾಲು ಎಲ್ಲರಂತೆ ಬ್ಯಾಗು ಹೊತ್ತು ಶಾಲೆಗೆ ಹೋಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ನನ್ನ ಕೋಣೆಯಲ್ಲಿ ದಿನವೂ ನಿಜವಾಗುತ್ತದೆ.

ನಾನು ಹೇಳಹೊರಟದ್ದು ಸೀತೂರು ಕಡೆಯ ಒಬ್ಬ ಹುಡುಗಿಯ ವಿಷಯ. ಅವರಿಗೆ ಎನ್.ಆರ್.ಪುರವೇ ಹತ್ತಿರ. ಐದನೇ ತಿಂಗಳ ಸ್ಕ್ಯಾನಿಗೆ ಮಾತ್ರ ಅಲ್ಲಿಯ ಡಾಕ್ಟ್ರು ನನ್ನಲ್ಲಿಗೆ ಕಳಿಸುತ್ತಾರೆ. ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಅತ್ತೆ ಸೊಸೆ ಬಂದರು. ಗಂಡ ಪಿಕಪ್ ಗಾಡಿಯನ್ನು ಎಲ್ಲಿ ನಿಲ್ಲಿಸುವುದೆಂದು ತಿಳಿಯದೆ ಪೇಟೆ ಸುತ್ತುತ್ತಿದ್ದನಂತೆ. ಅತ್ತೆ ಹಣೆತುಂಬ ವಿಭೂತಿ ಹಚ್ಚಿಕೊಂಡಿದ್ದರು, ದಪ್ಪ ದನಿ, ಬಂದ ಕೂಡಲೇ ನನ್ನ ಮುಖಕ್ಕೆ ಕಣ್ಣು ನೆಟ್ಟು ನಿಂತುಬಿಟ್ಟರು. ಸೊಸೆ ಮಲಗಿ ಕಣ್ಣು ಮುಚ್ಚಿಕೊಂಡಳು.

ಮಗು ಹೇಗೆ ಮಲಗಿದೆ ಎಂದು ಮೊದಲು ನೋಡಬೇಕು. ತಲೆ ಎತ್ತ, ಬೆನ್ನು ಎತ್ತ ಎಂದು ತಿಳಿದರೆ ಮಾತ್ರ ಅದರ ಎಡ ಬಲ ತಿಳಿಯುತ್ತದೆ. ಎಡಗೈಯನ್ನೇ ಮಗು ಎಂದುಕೊಂಡು ಗಾಳಿಯಲ್ಲಿ ತಿರುಗಿಸಿ ನೋಡುವುದು ನನ್ನ ಹಳೆಯ ಅಭ್ಯಾಸ. ಅವತ್ತು ಎರಡೆರಡು ಸಲ ತಿರುಗಿಸಿದೆ. ಹೃದಯ ಎಡಕ್ಕಿರಬೇಕಾದದ್ದು ಬಲಕ್ಕೆ ಸರಿದಿತ್ತು. ಅದು ಇರಬೇಕಾದ ಜಾಗದಲ್ಲಿ ಕಪ್ಪು ಗುಳ್ಳೆಗಳು.

ಹೀಗೆ ಕಂಡರೆ ಮುಖ್ಯವಾಗಿ ಎರಡು ಅನುಮಾನ. ಒಂದು, ಶ್ವಾಸಕೋಶದಲ್ಲೇ ನೀರುಗುಳ್ಳೆಗಳು ಎದ್ದಿರಬಹುದು. ಅವು ಎಷ್ಟೋ ಸಲ ತಿಂಗಳು ಕಳೆದಂತೆ ತಾವೇ ಕುಗ್ಗುತ್ತವೆ. ಇನ್ನೊಂದು, ಎದೆಗೂ ಹೊಟ್ಟೆಗೂ ನಡುವಿನ ಅಡ್ಡಗೋಡೆಯಲ್ಲಿ ತೂತು ಉಳಿದು, ಹೊಟ್ಟೆಯಲ್ಲಿರಬೇಕಾದ ಅನ್ನದ ಚೀಲ, ಕರುಳು ಎಲ್ಲ ಎದೆಗೆ ಏರಿ ಕೂತಿರಬಹುದು. ಆಗ ಶ್ವಾಸಕೋಶಕ್ಕೆ ಬೆಳೆಯಲು ಜಾಗವೇ ಇರುವುದಿಲ್ಲ. ಪರದೆಯ ಮೇಲೆ ಎರಡೂ ಅಣ್ಣತಮ್ಮಂದಿರ ಹಾಗೆ. ಬೇರೆ ಮಾಡುವ ಉಪಾಯ ಸರಳ: ಅನ್ನದ ಚೀಲ ಎಲ್ಲಿದೆ ನೋಡು. ಮಗು ಕುಡಿದ ನೀರು ತುಂಬಿ ಅದು ಹೊಟ್ಟೆಯ ಎಡಭಾಗದಲ್ಲಿ ಒಂದೇ ಒಂದು ಕಪ್ಪು ಗುಳ್ಳೆಯಾಗಿ ಕಾಣಬೇಕು. ಅಲ್ಲಿ ಇದ್ದರೆ ಎದೆಯಲ್ಲಿರುವುದು ಶ್ವಾಸಕೋಶದ ಗುಳ್ಳೆ. ಇಲ್ಲದಿದ್ದರೆ, ಮೇಲೆ ಹೋಗಿದೆ.

ಹೊಟ್ಟೆಯಲ್ಲಿ ಕಾಣಲಿಲ್ಲ. ಆದರೆ ಚೀಲ ಆಗ ತಾನೇ ಖಾಲಿಯಾಗಿದ್ದರೂ ಕಾಣುವುದಿಲ್ಲ. ಮಗು ಬೇರೆ ಬೆನ್ನು ತಿರುಗಿಸಿ ಮಲಗಿತ್ತು. ಕಾಯಬೇಕು, ಮಗು ಮಗ್ಗುಲು ಬದಲಿಸಬೇಕು. ನಾನು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ. “ಸರಿಯಾಗಿ ಕಾಣ್ತಿಲ್ಲ. ಏನಾದರೂ ಸಿಹಿ ತಿಂದು ಒಂದು ಸುತ್ತು ನಡೆದು ಬನ್ನಿ.”

ಸಿಹಿ ಎಂಬ ಮಾತು ಬಾಯಿಂದ ಬಿದ್ದದ್ದೇ ಅತ್ತೆಯ ಮುಖ ಅರಳಿತು. ಆಗ ನನಗೆ ಹೊಳೆಯಲಿಲ್ಲ. ತಾಯಿ ಸಿಹಿ ತಿಂದರೆ ಮಗು ಎದ್ದು ಆಡುತ್ತದೆ, ಅಷ್ಟೇ ನನ್ನ ಲೆಕ್ಕ. ಸ್ವಲ್ಪ ಹೊತ್ತಿಗೆ ಹೊರಗೆ ಬೆಂಚಿನ ಕಡೆಯಿಂದ ದಪ್ಪ ದನಿ ಕೇಳಿಸಿತು. “ತಗಳಿ, ತಗಳಿ. ಡಾಕ್ಟ್ರಮ್ಮನೇ ಸಿಹಿ ತಿನ್ನಿ ಅಂದಾರೆ. ನಮ್ಮನೇಲಿ ಮೂರು ತಲೆಯಿಂದ ಬರೀ ಗಂಡೇ. ಹುಟ್ಟೋ ಮೊದಲು ಬಟ್ಟೆ ಹೊಲಿಸಬಾರದು ಅಂತಾರೆ, ಇಲ್ದಿದ್ರೆ ಇವತ್ತೇ ಒಂದು ಫ್ರಾಕಿಗೆ ಬಟ್ಟೆ ತಗಳ್ತಿದ್ದೆ.” ಬೇಕರಿಯ ಮೈಸೂರುಪಾಕಿನ ಪೊಟ್ಟಣ ಬಿಚ್ಚಿ, ಹೊಟ್ಟೆನೋವಿನವರಿಗೂ ಕಿಡ್ನಿ ಕಲ್ಲಿನವರಿಗೂ ಹಂಚುತ್ತಿದ್ದರು. ತಾವು ಮಾತ್ರ ಬಾಯಿಗೆ ಹಾಕಲಿಲ್ಲ. ಸೋಮವಾರದ ಉಪವಾಸ.

ಮತ್ತೆ ಮಲಗಿಸಿದೆ. ಮಗು ತಿರುಗಿತ್ತು. ಹೊಟ್ಟೆಯಲ್ಲಿ ಗುಳ್ಳೆಯಿಲ್ಲ. ಮಗುವಿನ ಎದೆ ಕಾಣುವಲ್ಲಿ ಯಂತ್ರದ ಹಿಡಿ ನಿಲ್ಲಿಸಿ ಕಾದೆ. ಹೃದಯದ ಪಕ್ಕದಲ್ಲೇ ಇದ್ದ ಕಪ್ಪು ಗುಳ್ಳೆ ಮೆಲ್ಲಗೆ ಹಿಂಡಿಕೊಂಡು ಮತ್ತೆ ಸಡಿಲವಾಯಿತು. ಸ್ವಲ್ಪ ಬಿಟ್ಟು ಇನ್ನೊಂದು ಸಲ. ಶ್ವಾಸಕೋಶದ ಗುಳ್ಳೆ ಹಾಗೆ ಹಿಂಡಿಕೊಳ್ಳುವುದಿಲ್ಲ. ಅದು ಅನ್ನದ ಚೀಲವೇ. ನನಗೆ ಏನೂ ಅನಿಸಲಿಲ್ಲ. ಉಳಿದ ಶ್ವಾಸಕೋಶ ಎಷ್ಟಿದೆ ಎಂದು ಅಳೆದೆ, ಕಡಿಮೆ ಇತ್ತು. ಕೈಕಾಲು, ಬೆನ್ನುಮೂಳೆ, ತಲೆ ನೋಡಿದೆ, ಎಲ್ಲ ಸರಿ ಇತ್ತು. ನೋಡಬಾರದು ಎಂದುಕೊಂಡರೂ ಕಣ್ಣಿಗೆ ಬೀಳುವುದು ಬಿದ್ದೇ ಬೀಳುತ್ತದೆ. ಮಗು ಗಂಡು.

ಸೊಸೆಯನ್ನು ಎಬ್ಬಿಸಿ ಕೂರಿಸಿ, ಅತ್ತೆಗೂ ಸ್ಟೂಲು ಕೊಟ್ಟು ಹೇಳಿದೆ. ಎದೆ–ಹೊಟ್ಟೆ ನಡುವಿನ ಗೋಡೆಯಲ್ಲಿ ತೂತಿದೆ. ಹೊಟ್ಟೆಯೊಳಗಿನದು ಎದೆಗೆ ಹೋಗಿದೆ. ಹುಟ್ಟಿದ ಕೂಡಲೇ ಉಸಿರಿಗೆ ಕಷ್ಟ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಈಗಲೇ ಹೋಗಿ ತೋರಿಸಬೇಕು, ಹೆರಿಗೆಯೂ ಅಲ್ಲೇ ಆಗಬೇಕು, ಮಕ್ಕಳ ಸರ್ಜನ್ ಪಕ್ಕದಲ್ಲೇ ಇರಬೇಕು. ಆಪರೇಷನ್ ಆದರೂ ಉಳಿಯುತ್ತದೆ ಎಂದು ಹೇಳಲಾಗುವುದಿಲ್ಲ. ಬಸಿರು ಮುಂದುವರಿಸುವುದು ಬೇಡ ಅನ್ನಿಸಿದರೆ ಕಾನೂನಿನಲ್ಲಿ ಅದಕ್ಕೂ ದಾರಿಯಿದೆ. ಅದನ್ನು ಹೇಳುವುದು ನನ್ನ ಕರ್ತವ್ಯ, ನಿರ್ಧಾರ ನಿಮ್ಮದು. ಇಷ್ಟನ್ನೂ ಎಲ್ಲ ಸರಿ ಇದೆ ಎಂದು ಹೇಳುವ ದನಿಯಲ್ಲೇ ಹೇಳಿದೆ. ನನ್ನ ಹತ್ತಿರ ಇರುವುದು ಅದೊಂದೇ ದನಿ.

ಅತ್ತೆ ಕೊನೆಯ ಮಾತು ಮಾತ್ರ ಕೇಳಿಸಿಕೊಂಡರು. ಸ್ಟೂಲನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು.

“ಅರ್ಥ ಆಯ್ತು ಡಾಕ್ಟ್ರಮ್ಮ. ನೀವು ಬಾಯಿಬಿಟ್ಟು ಹೇಳೋ ಹಾಗಿಲ್ಲ. ಆದ್ರೆ ನಮ್ಮನೆ ಅಂಥ ಮನೆ ಅಲ್ಲ. ಹೆಣ್ಣು ಅಂತ ತೆಗ್ಸೋ ಮಾತೆಲ್ಲ ನಮ್ಮ ಹತ್ರ ಆಡಬೇಡಿ. ಹೆಣ್ಣು ಬಂದ್ರೆ ನಮಗೆ ಲಕ್ಷ್ಮಿ ಬಂದ ಹಾಗೆ.”

“ನಾನು ಗಂಡು ಹೆಣ್ಣಿನ ಮಾತೇ ಆಡ್ತಿಲ್ಲ ಅಮ್ಮ. ಮಗುವಿನ ಉಸಿರಿನ ಮಾತು ಆಡ್ತಿದೀನಿ.”

“ಹಂಗೇ ಹೇಳಬೇಕಲ್ದಾ ನೀವು” ಎಂದು ಕಣ್ಣು ಮಿಟುಕಿಸಿದರು. “ಬೋರ್ಡು ನಾನೂ ಓದೀನಿ. ತೂತು, ಗೋಡೆ ಅಂತ ಎಂತದೋ ಸುತ್ತಿ ಬಳಸಿ ಹೇಳ್ತೀರಿ, ಪಾಪ. ನೀವು ಹೆದರಬೇಡಿ, ನಾನು ಯಾರ ಹತ್ರಾನೂ ಹೇಳಲ್ಲ. ಹೆರಿಗೆ ಎನ್.ಆರ್.ಪುರದಲ್ಲೇ ಮಾಡಿಸ್ತೀವಿ. ದೊಡ್ಡ ಮಗನ ಮಕ್ಕಳೆಲ್ಲ ಅಲ್ಲೇ ಹುಟ್ಟಿದ್ದು, ಗುಂಡುಕಲ್ಲಿನ ಹಾಗಿದಾವೆ.”

ಎಷ್ಟು ಒಳ್ಳೆಯ ಹೆಂಗಸು ಎಂದು ಅನ್ನಿಸಿತು, ಅಷ್ಟೇ ಕೋಪವೂ ಬಂತು. ಹೆಣ್ಣು ಬೇಡ ಎನ್ನುವವರನ್ನು ಎದುರಿಸಲು ನನಗೆ ಗೊತ್ತಿದೆ, ಬೈದು ಕಳಿಸಿದ್ದೇನೆ. ಹೆಣ್ಣು ಬೇಕು ಎನ್ನುವವರನ್ನು ಎದುರಿಸುವುದು ನನಗೆ ಯಾರೂ ಕಲಿಸಿರಲಿಲ್ಲ. ಮಗು ಎನ್.ಆರ್.ಪುರದಲ್ಲಿ ಹುಟ್ಟಿದರೆ ಏನಾಗುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಮೊದಲ ಅಳುವಿಗೆ ಗಾಳಿ ನುಂಗುತ್ತದೆ. ಎದೆಯಲ್ಲಿ ಕೂತ ಚೀಲಕ್ಕೆ ಗಾಳಿ ತುಂಬುತ್ತದೆ. ಇರುವ ಚೂರು ಶ್ವಾಸಕೋಶವೂ ಅದುಮಿಕೊಳ್ಳುತ್ತದೆ. ಆಂಬುಲೆನ್ಸ್ ಘಟ್ಟದ ತಿರುವುಗಳನ್ನು ದಾಟುವಷ್ಟರಲ್ಲಿ ಮುಗಿದಿರುತ್ತದೆ.

ಎಲ್ಲವನ್ನೂ ಸರಿಮಾಡುವ ಮಾತು ಒಂದೇ ಇತ್ತು. ಅದು ಹೆಣ್ಣಲ್ಲ. ಅಷ್ಟು ಹೇಳಿದ್ದರೆ ಅವರ ಕಟ್ಟುಕತೆ ಅಲ್ಲೇ ಕುಸಿದು, ತೂತು ನಿಜವಾದ ತೂತು ಎಂದು ತಿಳಿಯುತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದೊಂದು ಮಾತನ್ನೇ ನಾನು ಆಡುವಂತಿಲ್ಲ. ಕಾನೂನು ತಪ್ಪು ಎಂದು ನಾನು ಹೇಳುವುದಿಲ್ಲ. ಅದು ಬಂದದ್ದೇ ನಮ್ಮಂಥವರ ಬಾಯಿ ಸಡಿಲವಾಗಿದ್ದರಿಂದ. ಬೆಂಚಿನ ಮೇಲೆ ಮೈಸೂರುಪಾಕು ತಿಂದು ಕೂತವರ ಕಿವಿಗೆ, ಈ ಡಾಕ್ಟ್ರು ಒಬ್ಬರಿಗೆ ಹೇಳಿದರು ಎಂದು ಬಿದ್ದರೆ, ಆಮೇಲೆ ನಾನು ಯಾರಿಗೆ ಯಾವ ರೋಗದ ಹೆಸರು ಹೇಳಿದರೂ ಅದು ರೋಗವಾಗಿ ಉಳಿಯುವುದಿಲ್ಲ. ಹೇಳಲಿಲ್ಲ.

ಎದ್ದು ಪರದೆಯನ್ನು ಗೋಡೆಯಿಂದ ಈಚೆಗೆ ತಿರುಗಿಸಿದೆ. ವರ್ಷಗಟ್ಟಲೆ ಒಂದೇ ಕಡೆ ನಿಂತಿದ್ದ ಅದರ ಕಾಲು ಕಿರ್ರೆಂದಿತು. ಸೊಸೆಯನ್ನು ಮತ್ತೆ ಮಲಗಿಸಿ, ಮಗುವಿನ ಎದೆಯ ಮೇಲೆ ಮಾತ್ರ ಕೈ ನಿಲ್ಲಿಸಿದೆ. “ಇಲ್ಲಿ ನೋಡಿ ಅಮ್ಮ. ನನ್ನ ಮುಖ ಅಲ್ಲ, ಇಲ್ಲಿ. ಬಡ್ಕೊಳ್ತಿರೋದು ಹೃದಯ. ಅದರ ಪಕ್ಕ ಕಪ್ಪಗಿರೋದು ಅನ್ನದ ಚೀಲ. ಅಡುಗೆಮನೆಗೂ ಮಲಗೋ ಕೋಣೆಗೂ ನಡುವಿನ ಗೋಡೆ ಬಿದ್ದುಹೋಗಿದೆ ಅಂದ್ಕೊಳ್ಳಿ. ಪಾತ್ರೆಪಗಡ ಎಲ್ಲ ಮಲಗೋ ಕೋಣೆಗೆ ಬಂದು ತುಂಬಿದೆ. ಅಲ್ಲಿದ್ದವರಿಗೆ ಕಾಲು ಚಾಚೋಕೆ ಜಾಗ ಇಲ್ಲ. ಶ್ವಾಸಕೋಶದ ಸ್ಥಿತಿ ಅದು.”

ಅವರು ಪರದೆ ನೋಡಿದರು, ಮತ್ತೆ ನನ್ನ ಮುಖ ನೋಡಿದರು, ಮತ್ತೆ ಪರದೆ. ಕಪ್ಪು ಗುಳ್ಳೆ ಹಿಂಡಿಕೊಂಡು ಸಡಿಲವಾಯಿತು. ಈಗ ಸೊಸೆಯೂ ಕಣ್ಣು ತೆರೆದು ನೋಡುತ್ತಿದ್ದಳು. ಅವಳೇ ಹೇಳಿದಳು.

“ಅತ್ತೆ, ಅವರು ಹೆಣ್ಣು ಅಂತ ಹೇಳ್ತಿಲ್ಲ. ಉಸಿರಾಡೋಕೆ ಜಾಗ ಇಲ್ಲ ಅಂತಿದಾರೆ.”

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು, “ಬದುಕುತ್ತಾ?” ಎಂದರು.

“ಗೊತ್ತಿಲ್ಲ. ಇಲ್ಲಿ ಹುಟ್ಟಿದರೆ ಇಲ್ಲ. ಅಲ್ಲಿ ಹುಟ್ಟಿದರೆ ಒಂದು ಅವಕಾಶ ಇದೆ.”

“ಹೋಗ್ತೀವಿ” ಅಂದಳು ಸೊಸೆ. ತೆಗೆಸುವ ವಿಷಯ ಅವಳೂ ಎತ್ತಲಿಲ್ಲ, ನಾನೂ ಮತ್ತೆ ಎತ್ತಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ, ಅವರು ಬರುವ ದಿನ ಗೊತ್ತುಮಾಡಿ ಕೊಟ್ಟೆ. ಬಾಗಿಲ ಹತ್ತಿರ ಹೋದ ಮೇಲೆ ಅತ್ತೆ ತಿರುಗಿ ನಿಂತರು. ತೂತನ್ನು ನಂಬಿದ್ದರು, ಆದರೆ ಇನ್ನೊಂದನ್ನು ಬಿಟ್ಟುಕೊಟ್ಟಿರಲಿಲ್ಲ. “ಹೆಣ್ಣುಮಕ್ಕಳ ಜೀವ ಗಟ್ಟಿ ಡಾಕ್ಟ್ರಮ್ಮ” ಎಂದರು. “ತಡ್ಕಳುತ್ತೆ.”

ನಾನು ಹೋಗಿ ಬನ್ನಿ ಎಂದೆ. ಮುಂದಿನವರು ಶೃಂಗೇರಿಯ ಒಬ್ಬ ಅಂಗಡಿಯವರು, ಪಿತ್ತಕೋಶದ ನೋವು. ಮಲಗಿ, ಉಸಿರು ಹಿಡಿಯಿರಿ ಎಂದೆ. ಮೇಜಿನ ಮೇಲೆ ಮೈಸೂರುಪಾಕಿನ ಪೊಟ್ಟಣ ಉಳಿದುಹೋಗಿತ್ತು. ಮಧ್ಯಾಹ್ನ ಊಟವಾದ ಮೇಲೆ ಒಂದು ತುಂಡು ತಿಂದೆ. ಚೆನ್ನಾಗಿಯೇ ಇತ್ತು.

ನಮ್ಮ ಕೆಲಸದಲ್ಲಿ ಕತೆಯ ಮೊದಲರ್ಧ ಮಾತ್ರ ಸಿಗುತ್ತದೆ. ಕೆಳಗಿನ ಆಸ್ಪತ್ರೆಗೆ ಫೋನ್ ಮಾಡಿ ಕೇಳಬಹುದಿತ್ತು. ಪುಷ್ಯದ ಹೊತ್ತಿಗೆ ಹೆರಿಗೆ ಆಗಿರಬೇಕು ಎಂದು ಒಂದು ದಿನ ಬಟ್ಟೆ ಮಡಿಸುತ್ತ ನೆನಪಾಯಿತು. ಫೋನ್ ಪಕ್ಕದಲ್ಲೇ ಇ‌ತ್ತು. ಮಡಿಸಿದ ಬಟ್ಟೆ ಬೀರುವಿನಲ್ಲಿಟ್ಟೆ, ಅಷ್ಟೆ. ಒಂದು ಬದಲಾವಣೆ ಮಾತ್ರ ಆಗಿತ್ತು. ಪರದೆಯನ್ನು ನಾನು ಪೂರ್ತಿ ಗೋಡೆಯ ಕಡೆಗೆ ತಿರುಗಿಸುವುದು ಬಿಟ್ಟಿದ್ದೆ. ಅರ್ಧ ತಿರುಗಿಸಿಡುತ್ತಿದ್ದೆ. ಎದೆ, ತಲೆ, ಬೆನ್ನು ತೋರಿಸುವಾಗ ಈಚೆಗೆ ಎಳೆದು, ಉಳಿದದ್ದಕ್ಕೆ ಆಚೆಗೆ ತಳ್ಳುತ್ತಿದ್ದೆ. ಜನ ಅದಕ್ಕೂ ಒಂದು ಅರ್ಥ ಹುಡುಕಿಕೊಂಡರು. ಈಚೆಗೆ ಎಳೆದರೆ ಗಂಡಂತೆ.

ಅದರ ಮುಂದಿನ ವರ್ಷ ಮಳೆ ಹಿಡಿದ ಮೇಲೆ, ಬಾಗಿಲ ಹೊರಗೆ ದಪ್ಪ ದನಿ ಕೇಳಿಸಿತು. ಮುಖಗಳು ನನಗೆ ನೆನಪಿರುವುದಿಲ್ಲ, ದನಿ ಇರುತ್ತದೆ. ಅದೇ ಅತ್ತೆ, ಅದೇ ಸೊಸೆ. ಸೊಸೆಗೆ ಮತ್ತೆ ಐದು ತಿಂಗಳು. ಈ ಸಲ ಕಣ್ಣು ತೆರೆದೇ ಮಲಗಿದಳು. ಮೊದಲಿನ ಮಗುವಿನ ವಿಷಯ ಅವರಾಗಿ ಹೇಳಲಿಲ್ಲ, ನಾನಾಗಿ ಕೇಳಲಿಲ್ಲ. ಜೊತೆಯಲ್ಲಿ ಮಗು ಬಂದಿರಲಿಲ್ಲ.

ಮುಖವನ್ನೇ ಓದುತ್ತಿದ್ದ ಆ ಹೆಂಗಸು ಈ ಸಲ ನನ್ನ ಕಡೆ ನೋಡಲೇ ಇಲ್ಲ. ಪರದೆಯ ಪಕ್ಕಕ್ಕೆ ಬಂದು ನಿಂತರು. ಎಲ್ಲರೂ ಕೇಳುವ ಹಾಗೆ ಎಲ್ಲ ಸರಿ ಇದೆಯಾ ಎಂದು ಕೇಳಲಿಲ್ಲ. “ಅನ್ನದ ಚೀಲ ಎಲ್ಲಿದೆ ಡಾಕ್ಟ್ರಮ್ಮ?” ಎಂದರು.

ಪರದೆಯನ್ನು ಪೂರ್ತಿ ಅವರ ಕಡೆಗೆ ಎಳೆದೆ. ಎಡಗೈ ಗಾಳಿಯಲ್ಲಿ ತಿರುಗಿಸಿ ಮಗುವಿನ ಎಡ ಬಲ ಗೊತ್ತುಮಾಡಿಕೊಂಡೆ. ಹೃದಯ ಎಡಕ್ಕಿತ್ತು. ಅದರ ಎರಡೂ ಪಕ್ಕ ಶ್ವಾಸಕೋಶ, ಒಂದೇ ಸಮನಾದ ಬೂದಿ ಬಣ್ಣ. ಕೆಳಗೆ ಇಳಿದೆ. ಹೊಟ್ಟೆಯ ಎಡಭಾಗದಲ್ಲಿ ಒಂದೇ ಒಂದು ಕಪ್ಪು ಗುಳ್ಳೆ. ನಾನು ತೋರಿಸುವ ಮೊದಲೇ ಅವರು ಬೆರಳಿಟ್ಟರು. “ಇದಲ್ದಾ?”

“ಅದೇ.”

“ಗೋಡೆ ಇದ್ಯಾ?”

“ಇದೆ.”

ಸೊಸೆಯ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ನಾನು ಹೊಟ್ಟೆ ಒರೆಸಿಕೊಳ್ಳಲು ಟಿಶ್ಯೂ ಕೊಟ್ಟೆ. ಅವಳು ಅದರಲ್ಲಿ ಮುಖ ಒರೆಸಿಕೊಂಡು, ಬಾತ್‌ರೂಮಿಗೆ ಹೋದಳು. ಅವಳು ಆಚೆ ಹೋದ ಮೇಲೆ ಅತ್ತೆ ಸ್ಟೂಲಿನ ಮೇಲೆ ಕೂತರು.

“ಅದು ಗಂಡಾಗಿತ್ತು” ಎಂದರು. “ನಿಮಗೆ ಗೊತ್ತಿತ್ತು.”

“ಹೂಂ.”

“ನಾನು ಹೆಣ್ಣು ಅಂತಲೇ ಇದ್ದೆ. ಹುಟ್ಟೋ ಮೊದಲು ಹೊಲಿಸಬಾರದು ಅಂತ ಗೊತ್ತಿದ್ದೂ, ಆಸೆ ತಡೀದೆ ಬಾಳೆಹೊನ್ನೂರಲ್ಲಿ ಒಂದು ಫ್ರಾಕ್ ಹೊಲಿಸಿ ತಗಂಡು ಹೋಗಿದ್ದೆ. ಹಳದಿ ಬಟ್ಟೆ, ಸಣ್ಣ ಹೂವು. ಆಪರೇಷನ್ ಆಯ್ತು. ಚೂರು ದಿನ ಕಣ್ಣು ಬಿಟ್ಟು ನೋಡ್ತು. ಇವಳ ಬೆರಳೂ ಹಿಡ್ಕಂತು. ಆಮೇಲೆ ಆಗಲಿಲ್ಲ.” ಸೆರಗನ್ನು ಮೊಣಕಾಲ ಮೇಲೆ ನೇರ ಮಾಡಿಕೊಂಡರು. “ಊರಿಗೆ ತಂದ್ವಿ. ಹೊಸ ಬಟ್ಟೆ ಅಂತ ಇದ್ದಿದ್ದು ಅದೊಂದೇ. ಅದನ್ನೇ ಹಾಕಿ ಮಣ್ಣು ಮಾಡಿದ್ವಿ.”

ಕೈಯಲ್ಲಿದ್ದ ಯಂತ್ರದ ಹಿಡಿಯನ್ನು ಒರೆಸುತ್ತಿದ್ದೆ. ಅದು ಆಗಲೇ ಶುದ್ಧವಾಗಿತ್ತು, ಆದರೂ ಒರೆಸುತ್ತಲೇ ಇದ್ದೆ. ಏನಾದರೂ ಹೇಳಬೇಕಿತ್ತು. ನನ್ನ ಹತ್ತಿರ ಇದ್ದ ಮಾತುಗಳು ಮಲಗಿ, ತಿರುಗಿ, ಉಸಿರು ಬಿಡಿ.

“ನಿಮ್ಮ ಮೇಲೆ ಸಿಟ್ಟಿಲ್ಲ” ಎಂದರು ಅತ್ತೆ. “ಟಿವಿ ತಿರುಗಿಸದೆ ಇದ್ದಿದ್ರೆ ನಾನು ಎನ್.ಆರ್.ಪುರದಲ್ಲೇ ಕೂತಿರ್ತಿದ್ದೆ, ಅವಳು ಅದರ ಮುಖಾನೂ ಸರಿಯಾಗಿ ನೋಡ್ತಿರಲಿಲ್ಲ.” ಬಾತ್‌ರೂಮಿನಲ್ಲಿ ನಲ್ಲಿ ನಿಂತ ಸದ್ದಾಯಿತು. ಅವರು ಎದ್ದರು. “ಈ ಸಲ ಎಂತದೂ ಹೊಲಿಸಿಲ್ಲ. ಹುಟ್ಟೋ ತನಕ ಹೊಲ್ಸೋದೂ ಇಲ್ಲ. ಬಟ್ಟೆ ಅಂಗಡಿ ಮುಂದೆ ಹೋಗೋಕೂ ಭಯ ನಂಗೆ.”

ಹಾಗೆ ಹೇಳಿ, ಅವತ್ತು ಮೊದಲ ಸಲ ನನ್ನ ಮುಖ ನೋಡಿದರು.

“ಹೊಲಿಸಿ” ಎಂದೆ.